ಕೊಪ್ಪೆ ಆರಿಸಿಕೊಂಡ ಮೂಲೆ

12-7-65, ಸೋಮವಾರ. ಸಾಗರಕ್ಕೆ ಬಂದು ಇಪ್ಪತ್ತೇಳನೇ ದಿನ.

ಇವತ್ತಿನಿಂದ ನನ್ನ ಹತ್ತಿರ ಎರಡು ಇಲಿಗಳಿವೆ. ಗಿರಾಕಿಗಳ ಅಳತೆ ಪುಸ್ತಕದ ಹಿಂಬದಿಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಓದುವವರು ಯಾರೂ ಇಲ್ಲ, ಆದ್ದರಿಂದ ನಾಚಿಕೆಯೂ ಇಲ್ಲ.

ಬಸ್ ಸ್ಟ್ಯಾಂಡಿನ ಪಕ್ಕ ಡೇರೆ ಹಾಕಿದ್ದ ಜಾದೂಗಾರನಿಗೆ ಒಂದು ಕೋಟು ಹೊಲಿದುಕೊಟ್ಟೆ. ಹನ್ನೊಂದು ಕಳ್ಳಜೇಬು ಬೇಕು ಎಂದಿದ್ದ. ಪೇಟೆಯ ದರ್ಜಿಗಳೆಲ್ಲ ತಲೆಕೆಟ್ಟ ಕೆಲಸ ಎಂದು ಅಟ್ಟಿದ್ದರಂತೆ. ನಾನು ಹೊಲಿದೆ. ಇವತ್ತು ಬಂದು ತೊಟ್ಟುನೋಡಿ, ಹನ್ನೊಂದರಲ್ಲೂ ಕೈ ಹಾಕಿ ತೆಗೆದು, ಕೊನೆಗೆ ಹಳೇ ಕೋಟಿನ ಜೇಬಿನಿಂದ ಎರಡು ಇಲಿ ತೆಗೆದು ನನ್ನ ಮಿಷನ್ನಿನ ಮೇಲೆ ಇಟ್ಟ. ಎರಡೂ ಹೆಣ್ಣು. ಒಂದು ಪೂರ್ತಿ ಬಿಳಿ. ಇನ್ನೊಂದಕ್ಕೆ ತಲೆಯಿಂದ ಭುಜದವರೆಗೆ ಕರಿ, ಗದ್ದೆಗೆ ಹೋಗುವವರು ಕಂಬಳಿಕೊಪ್ಪೆ ಹಾಕಿಕೊಂಡ ಹಾಗೆ. ತೀರ್ಥಹಳ್ಳಿಯಲ್ಲಿ ಆಟವಿದೆ, ಬಸ್ಸಿನವರು ಇಲಿ ಹತ್ತಿಸುವುದಿಲ್ಲ, ಒಂದೇ ವಾರ ಇಟ್ಟುಕೊಳ್ಳಿ ತಾಯಿ ಎಂದ. ನಾನು ಹೂಂ ಅನ್ನುವುದರೊಳಗೆ ಹೊರಟೇಹೋದ.

ನಾನೂ ಈ ಕೋಣೆಯನ್ನು ಒಂದೇ ತಿಂಗಳು ಎಂದು ಕೇಳಿ ಸೇರಿದವಳು. ಕೆರಿಯಮ್ಮನ ಕೋಣೆ ಇದು. ಭತ್ತದ ಮೂಟೆ ಇಡುತ್ತಿದ್ದ ಜಾಗ, ಮಣ್ಣಿನ ನೆಲ, ಒಂದು ಕಿಟಕಿ. ಗಂಡನನ್ನು ಬಿಟ್ಟು ಬಂದವಳು ಎಂದು ಗೊತ್ತಾದ ಕೂಡಲೇ ಒಂಬತ್ತು ಮನೆಯವರು ಬಾಗಿಲು ಹಾಕಿಕೊಂಡರು. ಹತ್ತನೆಯವರು ಕೆರಿಯಮ್ಮ. ಅವರು ಕೇಳಿದ್ದು ಒಂದೇ, ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳ್ತೀಯ ಎಂದು.

15-7-65, ಗುರುವಾರ. ಮೂವತ್ತನೇ ದಿನ.

ಕೆರಿಯಮ್ಮ ನೋಡಿಬಿಟ್ಟರು. ಚಹದ ಪೆಟ್ಟಿಗೆಗೆ ತಂತಿ ಬಲೆ ಹೊಡೆದು ಇಲಿಗಳಿಗೆ ಮನೆ ಮಾಡಿದ್ದೆ. ಅದರ ಮೇಲೆ ಸೀರೆ ಹೊದೆಸಿದ್ದೆ. ಸೀರೆ ಅಲ್ಲಾಡಿತು.

ಅವರಿಗೆ ಇಲಿ ಎಂದರೆ ಭತ್ತ ತಿನ್ನುವ ಶನಿ. ಅದಕ್ಕಿಂತ ಹೆಚ್ಚಾಗಿ ಪ್ಲೇಗು. ಹುಡುಗಿಯಾಗಿದ್ದಾಗ ಇಲಿ ಸತ್ತು ಬಿದ್ದ ಮನೆ ಬಿಟ್ಟು ಕಾಡಿನ ಅಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದರಂತೆ, ಮರಳಿ ಬರುವಾಗ ಅಣ್ಣಂದಿರಿಬ್ಬರು ಇರಲಿಲ್ಲವಂತೆ. ಇದನ್ನು ಹೇಳುವಾಗ ಅವರ ದನಿ ಏರಲಿಲ್ಲ. ಏರಿದ್ದರೆ ನಾನೂ ಜಗಳ ಆಡುತ್ತಿದ್ದೆ.

ಕೊನೆಗೆ ಹೇಳಿದ್ದು ಇಷ್ಟು: "ಭೂಮಿ ಹುಣ್ಣಿಮೆಗೆ ಮನೆಯೆಲ್ಲ ಸಾರಿಸಿ ಚಿತ್ತಾರ ಬರೀತೀನಿ. ಅಲ್ಲಿ ತಂಕ ಟೈಮು. ಆಮೇಲೆ ಈ ನೆಲದ ಮೇಲೆ ಒಂದೇ ಒಂದು ಹಿಕ್ಕೆ ಕಂಡ್ರೂ ಇಲಿನೂ ಇಲ್ಲ, ನೀನೂ ಇಲ್ಲ."

ಇಲಿ ಬೇಕು ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಬೇಡ ಎಂದಮೇಲೆ ಬೇಕು ಅನ್ನಿಸಿತು. ಹೊರಗೆ ಬಿಟ್ಟರೆ ಆ ಬಿಳಿ ಮೈಗೆ ಒಂದು ಗಂಟೆಯೊಳಗೆ ಬೆಕ್ಕು. ಹೆಸರಿಟ್ಟೂ ಆಗಿದೆ, ಬೆಳ್ಳಿ ಮತ್ತು ಕೊಪ್ಪೆ. ಕಲಿಸುತ್ತೇನೆ. ಹುಣ್ಣಿಮೆಗೆ ಇನ್ನೂ ಮೂರು ತಿಂಗಳಿದೆ, ಅಷ್ಟರೊಳಗೆ ಒಂದು ತಟ್ಟೆಯಲ್ಲಿ ಮಾತ್ರ ಹೋಗುವ ಹಾಗೆ ಕಲಿಸಿಯೇ ತೀರುತ್ತೇನೆ.

17-7-65, ಶನಿವಾರ. ಮೂವತ್ತೆರಡು.

ಬಿಸ್ಕತ್ ಡಬ್ಬದ ಅಗಲ ಮುಚ್ಚಳಕ್ಕೆ ಹೊಳೆಯ ಮರಳು ತುಂಬಿ ಬಾಗಿಲ ಪಕ್ಕ ಇಟ್ಟೆ. ಅಲ್ಲೇ ಇದ್ದರೆ ತೆಗೆದು ಚೆಲ್ಲಲು ನನಗೆ ಸುಲಭ. ಎರಡೂ ಮರಳಿನಲ್ಲಿ ಕಾಲಿಟ್ಟು, ತಣ್ಣಗಾಯಿತೋ ಏನೋ, ಕಾಲು ಕೊಡವಿ ಇಳಿದವು. ಇಳಿದು ನೆಲದ ಮೇಲೆ ಹಾಕಿದವು. ಎಣಿಸಿದೆ, ಇಪ್ಪತ್ತಮೂರು. ಒದ್ದೆ ಮರಳು ಇನ್ನು ನಾಲ್ಕು ದಿನ ಬಿಟ್ಟರೂ ಆರುವ ಲಕ್ಷಣವಿಲ್ಲ, ನಾತ ಬೇರೆ.

21-7-65, ಬುಧವಾರ. ಮೂವತ್ತಾರು.

ಒಲೆ ಬೂದಿ. ಪಾತ್ರೆ ತೊಳೆಯಲು ಬೂದಿ, ಕೈ ತೊಳೆಯಲು ಬೂದಿ, ಇದಕ್ಕೂ ಆಗಬೇಕಲ್ಲ ಎಂದುಕೊಂಡೆ. ಸಂಜೆಗೆ ಬೆಳ್ಳಿ ಕೂಡ ಬೂದು ಬಣ್ಣ. ಪುಟ್ಟ ಪುಟ್ಟ ಹೆಜ್ಜೆಗಳು ನೆಲದ ಮೇಲೆ, ಮಿಷನ್ನಿನ ಮೇಲೆ, ಮೀನಾಕ್ಷಮ್ಮನವರ ಮಗಳ ರೇಷ್ಮೆ ಲಂಗದ ಮೇಲೆ. ಲಂಗ ಕೊಡವುತ್ತಾ ಕೊಡವುತ್ತಾ ನನಗೇ ನಗು ಬಂತು. ಬಹಳ ದಿನವಾಗಿತ್ತು.

ಜಾದೂಗಾರನ ವಾರ ಮುಗಿದು ಎರಡು ದಿನ. ಪತ್ತೆಯಿಲ್ಲ.

26-7-65, ಸೋಮವಾರ. ನಲವತ್ತೊಂದು.

ಮೇಳಿಗೆ ಊರಿನಿಂದ ಕಾಗದ ಬಂತು. ನನ್ನ ಗಂಡನದು. ಅವರ ಹೆಸರು ಬರೆಯುವುದಿಲ್ಲ, ಹೆಂಡತಿ ಹೇಳಲೂಬಾರದು ಬರೆಯಲೂಬಾರದು ಎಂದು ಅಮ್ಮ ಕಲಿಸಿದ್ದಾಳೆ. ಕಾಗದದಲ್ಲಿ ನಾಲ್ಕು ಸಾಲು. ಮಳೆಗಾಲದ ಕೆಲಸಕ್ಕೆ ಕೈ ಸಾಲದು, ಬಂದು ಸೇರತಕ್ಕದ್ದು. ಮಿಷನ್ ತರುವ ಅಗತ್ಯವಿಲ್ಲ.

ಅವರು ಹೊಡೆದವರಲ್ಲ, ಬೈದವರೂ ಅಲ್ಲ, ಅದನ್ನು ಹೇಳಬೇಕು. ಆರು ವರ್ಷದಲ್ಲಿ ನನ್ನನ್ನು ಒಂದು ಮಾತು ಕೇಳಲಿಲ್ಲ, ಅಷ್ಟೇ. ಎಲ್ಲಿ ಕೂರಬೇಕು, ಎಲ್ಲಿ ಮಲಗಬೇಕು, ಯಾವ ಬಾಗಿಲಿನಿಂದ ಒಳಗೆ ಬರಬೇಕು, ಎಲ್ಲ ಮೊದಲೇ ತೀರ್ಮಾನವಾಗಿತ್ತು. ಅಪ್ಪ ಕೊಟ್ಟ ಮಿಷನ್ನನ್ನು ಒಂದು ದಿನ ಕೊಟ್ಟಿಗೆಗೆ ಹಾಕಿಸಿದರು. ಸದ್ದು ಜಾಸ್ತಿಯಂತೆ. ಸಗಣಿ ಮೆತ್ತಿದ ಪೆಡಲು ನೋಡಿದ ದಿನವೇ ನಾನು ಅದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದದ್ದು.

ಕಾಗದವನ್ನು ಮಿಷನ್ನಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಮೂರು ಸಲ ಓದಿದೆ. ಯಾಕೆ ಓದಬೇಕಿತ್ತೋ.

2-8-65, ಸೋಮವಾರ. ನಲವತ್ತೆಂಟು.

ಗಿರಣಿಯಿಂದ ಭತ್ತದ ಹೊಟ್ಟು ತಂದೆ. ಪುಕ್ಕಟೆ. ಅದರಲ್ಲಿ ಉಳಿದಿದ್ದ ನುಚ್ಚನ್ನು ಹುಡುಕಿ ಹುಡುಕಿ ತಿಂದವು. ಊಟದ ಎಲೆಯ ಮೇಲೆ ಯಾರು ಆ ಕೆಲಸ ಮಾಡುತ್ತಾರೆ? ತಿಂದು, ಕೆಳಗಿಳಿದು, ನೆಲದ ಮೇಲೆ ಹೋದವು. ಹೊಟ್ಟಿನ ಚೂರು ಕೊಪ್ಪೆಯ ಅಂಗಾಲಿಗೆ ಚುಚ್ಚಿ ಅದು ಒಂದು ಕಾಲು ಎತ್ತಿಕೊಂಡೇ ಓಡಾಡುತ್ತಿದೆ.

ಅಡಿಕೆ ಸಿಪ್ಪೆಯನ್ನು ಬಿಡಿಸಿ ಹಾಕಿದೆ. ಮೆತ್ತಗಿತ್ತು, ಸಂತೋಷವಾಯಿತು, ಇಬ್ಬರೂ ಅದರೊಳಗೆ ಸುತ್ತಿಕೊಂಡು ನಿದ್ದೆ ಮಾಡಿದರು. ಹಾಸಿಗೆಯ ಮೇಲೆ ಯಾರಾದರೂ ಹೋಗುತ್ತಾರೆಯೇ? ನೆಲಕ್ಕೇ ಬಂದರು.

ಕೆರಿಯಮ್ಮ ಬಾಗಿಲಲ್ಲಿ ನಿಂತು, "ಎಂತ ಮಾರಾಯ್ತಿ, ಇವಕ್ಕೆ ನೆಲವೇ ರುಚಿ ಕಾಣ್ತದೆ" ಎಂದರು. ನಾನು ಪೊರಕೆ ತೆಗೆದುಕೊಂಡೆ. ಗುಡಿಸಿದೆ.

8-8-65, ಭಾನುವಾರ. ಐವತ್ನಾಲ್ಕು.

ಸಿಕ್ಕಿತು! ಇಷ್ಟು ದಿನ ಕಣ್ಣೆದುರಿಗೇ ಇತ್ತು. ಗುಡಿಗಾರರ ಕೇರಿಯ ವಾಸಪ್ಪನವರ ಅಂಗಿಗೆ ಗುಂಡಿ ಹಾಕಿಕೊಡಲು ಹೋಗಿದ್ದೆ. ಅವರ ಮುಂದೆ ಶ್ರೀಗಂಧದ ಕೆತ್ತನೆ, ಕಾಲ ಕೆಳಗೆ ಗಂಧದ ಸಣ್ಣ ಹೊಟ್ಟು. ಊರಿಗೆ ಊರೇ ಮೂಗಿಗೆ ಹಿಡಿದು ಆಹಾ ಅನ್ನುವ ವಸ್ತು. ಒಂದು ಬೊಗಸೆ ಕೇಳಿದೆ. ಯಾಕೆ ಎಂದು ಹೇಳಲಿಲ್ಲ, ಅವರೂ ದೇವರಿಗಿರಬೇಕು ಎಂದುಕೊಂಡು ಕೊಟ್ಟರು.

ತಟ್ಟೆಗೂ ಹಾಕಿದೆ, ಪೆಟ್ಟಿಗೆಗೂ ಹಾಕಿದೆ. ಕೋಣೆ ದೇವಸ್ಥಾನದ ಹಾಗೆ ಘಮಘಮ. ಕೆರಿಯಮ್ಮ ಒಳಗೆ ಬಂದು ಮೂಗು ಅರಳಿಸಿ, ಬಂದ ದಾರಿಯಲ್ಲೇ ಹೋದರು. ಸೋತರು ಎಂದೇ ಅರ್ಥ.

11-8-65, ಬುಧವಾರ. ಐವತ್ತೇಳು.

ಬೆಳ್ಳಿ ಸೀನುತ್ತಿದೆ. ನಿನ್ನೆ ಒಂದೆರಡು ಸಲ, ಇವತ್ತು ಎಡೆಬಿಡದೆ. ಎದೆಯಲ್ಲಿ ಕಿರ್ ಕಿರ್ ಸದ್ದು. ಕಣ್ಣಿನ ಸುತ್ತ ಕೆಂಪು ನೀರು ಕಟ್ಟಿದೆ. ರಕ್ತ ಎಂದುಕೊಂಡೆ.

ಮರ್ಯಾದೆ ಬಿಟ್ಟು ವಾಸಪ್ಪನವರ ಹತ್ತಿರ ಓಡಿ ನಿಜ ಹೇಳಿದೆ. ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರು ಉಳಿ ಕೆಳಗಿಟ್ಟು ಸ್ವಲ್ಪ ಹೊತ್ತು ಕೆಮ್ಮಿದರು.

"ನಲವತ್ತು ವರ್ಷ ಈ ಹೊಟ್ಟು ಕುಡಿದ ಎದೆ ಇದು, ತಂಗಿ. ಬೇರೆಯವ್ರಿಗೆ ಪರಿಮಳ. ಅದರ ಮೂಗು ಯಾವಾಗಲೂ ನೆಲದಲ್ಲೇ ಇರ್ತದಲ್ಲ, ಪಾಪದ್ದು. ಈಗಲೇ ತೆಗಿ."

ಎಲ್ಲ ಹೊರಗೆ ಚೆಲ್ಲಿದೆ. ಹಳೇ ಸೀರೆಯ ತುಂಡು ಹಾಸಿದೆ. ಒದ್ದೆ ಬಟ್ಟೆಯಿಂದ ಕಣ್ಣು ಒರೆಸಿದೆ, ರಕ್ತವಲ್ಲ, ಒರೆಸಿದರೆ ಹೋಯಿತು. ಬೆಳ್ಳಿ ನನ್ನ ಹೆಬ್ಬೆರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಉಸಿರಾಡುತ್ತಿತ್ತು. ನನಗೆ ಚಂದ ಕಂಡದ್ದು, ನನಗೆ ಘಮ ಅನ್ನಿಸಿದ್ದು, ನನಗೆ ಸುಲಭವಾದದ್ದು. ಬೆಳ್ಳಿಯನ್ನು ಒಂದು ಸಲ ಕೇಳಿದೆನೇ? ಅತ್ತುಬಿಟ್ಟೆ. ಯಾರೂ ನೋಡಲಿಲ್ಲ.

13-8-65.

ಸೀನು ಕಡಿಮೆ. ಅನ್ನ ತಿಂದಿದೆ.

20-8-65, ಶುಕ್ರವಾರ. ಅರವತ್ತಾರು.

ಒಂದು ವಾರ ಏನನ್ನೂ ಕಲಿಸಲಿಲ್ಲ. ಸುಮ್ಮನೆ ನೋಡಿದೆ. ಹೊಲಿಯುತ್ತಾ ಓರೆಗಣ್ಣಿನಲ್ಲಿ ನೋಡುತ್ತಲೇ ಇದ್ದೆ.

ಕೊಪ್ಪೆ ಎಲ್ಲಿ ಬೇಕಾದರೂ ಹೋಗುವುದಿಲ್ಲ! ಹತ್ತರಲ್ಲಿ ಏಳು ಸಲ ಒಂದೇ ಕಡೆ, ಮಿಷನ್ನಿನ ಹಿಂದೆ, ಎರಡು ಗೋಡೆ ಸೇರುವ ಮೂಲೆ. ಬೆನ್ನಿಗೆ ಗೋಡೆ ತಾಗಿಸಿ ಕುಳಿತು, ಬಾಗಿಲ ಕಡೆ ಮುಖ ಮಾಡಿ, ಕೆಲಸ ಮುಗಿಸುತ್ತದೆ. ಬೆಳ್ಳಿ ಅದನ್ನು ನೋಡಿ ಅಲ್ಲಿಗೇ ಬರುತ್ತದೆ. ನಾನು ಮಾತ್ರ ಒಂದು ತಿಂಗಳಿಂದ ತಟ್ಟೆಯನ್ನು ಬಾಗಿಲ ಪಕ್ಕ ಇಟ್ಟು, ಎಲ್ಲರೂ ಓಡಾಡುವ ಕಡೆ ಬಂದು ಕೂರಿ ಎಂದು ಹೇಳುತ್ತಿದ್ದೇನೆ.

ತಟ್ಟೆಯನ್ನು ಮಿಷನ್ನಿನ ಹಿಂದಿನ ಮೂಲೆಗೆ ಒಯ್ದೆ. ಬಗ್ಗಿ ತೆಗೆಯಬೇಕು, ಸೊಂಟ ಹಿಡಿಯುತ್ತದೆ. ಹಿಡಿಯಲಿ.

31-8-65, ಮಂಗಳವಾರ.

ನಿನ್ನೆ ಗಣಪತಿ ಹಬ್ಬ. ಎದುರುಮನೆಯ ಹಾಲಮ್ಮ ಗಣಪತಿಯ ಇಲಿಗೆ ಹೂವಿಟ್ಟು ಕೈ ಮುಗಿದರು, ಇವತ್ತು ಬೆಳಿಗ್ಗೆ ಅಂಗಡಿಯಿಂದ ಹೊಸ ಬೋನು ತಂದರು. ನಾನು ನೋಡಿ ನಕ್ಕದ್ದು ಅವರಿಗೆ ಕಾಣಿಸಿತು, ಕಾಣಿಸಲಿ ಎಂದೇ ನಕ್ಕೆ.

ಮೂಲೆ ಸರಿಯಾಯಿತು, ಆದರೂ ಒಂದು ದಿನ ತಟ್ಟೆಯಲ್ಲಿ, ಒಂದು ದಿನ ಹೊರಗೆ. ನನಗೆ ತಲೆ ಕೆಟ್ಟುಹೋಗಿತ್ತು. ದಿನಾ ತಟ್ಟೆಯನ್ನು ಸೀಗೆಪುಡಿ ಹಾಕಿ ತಿಕ್ಕಿ, ಬಿಸಿನೀರು ಹೊಯ್ದು, ಮೂಲೆಗೆ ಸಗಣಿ ಸಾರಿಸುತ್ತಿದ್ದೆ. ನಮ್ಮ ಹೊಸನಗರದ ತವರುಮನೆಯಲ್ಲಿ ಹಾಗೆಯೇ, ಒಲೆ ಕೂಡ ತೊಳೆಯುವ ಜನ ನಾವು. ಕೆರಿಯಮ್ಮ ಎರಡು ದಿನ ನೋಡಿದರಂತೆ. ಇವತ್ತು ತಡೆಯಲಾರದೆ ಹೇಳಿದರು.

"ಹಿಂಗೆ ತೊಳೆದು ತೊಳೆದು ಇಟ್ರೆ ಅದಕ್ಕೆ ಗುರ್ತು ಎಲ್ಲಿಂದ ಸಿಗ್ತದೆ ಬಂಗಾರಿ? ದಿನಾ ಹೊಸ ಮನೆಗೆ ಬಂದ ಹಂಗೆ ಆಗ್ತದೆ. ಒಂದು ಚೂರು ಹಳೇದು ಬಿಡು."

ಅಂದರೆ ಅವರು ದಿನಾ ಕಿಟಕಿಯಿಂದ ನೋಡುತ್ತಿದ್ದಾರೆ. ಕಾವಲು ಎಂದುಕೊಂಡು ಸಿಟ್ಟು ಬಂತು. ಆಮೇಲೆ ನೋಡಿದರೆ ಅವರು ಕಿಟಕಿಯ ಮೇಲೆ ಸೌತೆಕಾಯಿಯ ತುದಿ ಇಟ್ಟು ಹೋಗಿದ್ದರು. ಯಾರಿಗೆ ಎಂದು ಹೇಳಿರಲಿಲ್ಲ.

ತೊಳೆದ ತಟ್ಟೆಗೆ ಎರಡು ಹಳೇ ಹಿಕ್ಕೆ ಹಾಕಿಟ್ಟೆ. ನನ್ನ ಕೈಯಾರೆ. ಅಮ್ಮ ನೋಡಿದ್ದರೆ ಎದೆ ಒಡೆದುಕೊಳ್ಳುತ್ತಿದ್ದಳು.

9-9-65, ಗುರುವಾರ.

ಊರೆಲ್ಲ ಯುದ್ಧದ ಮಾತು. ಹೋಟೆಲಿನ ರೇಡಿಯೋ ಮುಂದೆ ಗಂಡಸರು ಗುಂಪು. ಪೇಪರು ಬಂದ ಹಾಗೆ ಖಾಲಿ, ಮರುದಿನ ರದ್ದಿಗೂ ಬೇಕಾದಷ್ಟು.

ತಟ್ಟೆಗೆ ಏನು ಹಾಕಬೇಕು ಎನ್ನುವುದು ಇವತ್ತು ತೀರ್ಮಾನವಾಯಿತು. ಬ್ಲೌಸಿಗೆ ಕತ್ತರಿಸಿದ ಕಾಗದದ ಅಳತೆ ಚೂರುಗಳ ಮೇಲೆ ನೀರು ಚೆಲ್ಲಿತ್ತು. ಹಿಂಡಿ, ಪುಡಿ ಮಾಡಿ, ಒಲೆಯ ಮೇಲಿನ ಅಟ್ಟದಲ್ಲಿ ಒಣಗಲು ಇಟ್ಟೆ. ಕಡಲೆಕಾಳಿನಷ್ಟು ಉಂಡೆಗಳಾದವು. ಧೂಳಿಲ್ಲ, ವಾಸನೆಯಿಲ್ಲ, ಕಾಲಿಗೆ ಚುಚ್ಚುವುದಿಲ್ಲ, ನೀರನ್ನು ಹೀರಿ ಒಣಗಿದ ಹಾಗೇ ಇರುತ್ತವೆ. ಮಲಗಲು ಬಟ್ಟೆ ಚೂರು, ಹೋಗಲು ಕಾಗದ, ಎರಡಕ್ಕೂ ಸಂಬಂಧವಿಲ್ಲ. ಕೊಪ್ಪೆ ಬಂದು ಮೂಸಿ, ತಟ್ಟೆಯಲ್ಲಿ ಒಂದು ಸುತ್ತು ತಿರುಗಿ, ಕುಳಿತಿತು.

ರದ್ದಿ ಪೇಪರು ಒಂದು ಬಕೆಟ್ ನೆನೆಹಾಕಿದ್ದೇನೆ. ಡ್ರಾಯರಿನಲ್ಲಿ ಈಗ ಮೇಳಿಗೆಯ ಎರಡು ಕಾಗದಗಳಿವೆ, ಮೊನ್ನೆ ಇನ್ನೊಂದು ಬಂತು. ಅವನ್ನು ಮುಟ್ಟಲಿಲ್ಲ, ಅದು ಬೇರೆ ವಿಷಯ.

18-9-65, ಶನಿವಾರ.

ಹೊಸನಗರದಿಂದ ತಮ್ಮ ಬೆಳ್ಳಪ್ಪ ಬಂದಿದ್ದ. ಒಳಗೆ ಬಂದವನು ಮಿಷನ್ ನೋಡಿದ, ಹೊಲಿದಿಟ್ಟ ಬಟ್ಟೆಯ ಗಂಟು ನೋಡಿದ, ಆಮೇಲೆ ಇಲಿ ನೋಡಿ ಗೋಡೆಗೆ ಅಂಟಿಕೊಂಡ. ಊರಲ್ಲಿ ಎಲ್ಲರೂ ಕೇಳುತ್ತಾರಂತೆ. ಅಕ್ಕನಿಗೆ ತಲೆ ಸರಿಯಿಲ್ಲ, ಇಲಿ ಸಾಕುತ್ತಾಳೆ ಎಂದು ಮೇಳಿಗೆಯಲ್ಲೂ ಸುದ್ದಿಯಂತೆ. ಭಾವ ಭೂಮಿ ಹುಣ್ಣಿಮೆಯ ದಿನ ತಾವೇ ಬರುತ್ತಾರಂತೆ, ಕೆರಿಯಮ್ಮನ ಜೊತೆ ಮಾತಾಡಿ ಕರೆದುಕೊಂಡು ಹೋಗುತ್ತಾರಂತೆ.

ಕೆರಿಯಮ್ಮ ಕೋಣೆ ಇಲ್ಲ ಎಂದರೆ ನಾನು ಎಲ್ಲಿಗೆ ಹೋಗಬೇಕು ಎನ್ನುವುದು ಮೇಳಿಗೆಯವರಿಗೂ ಗೊತ್ತು. ಹೊಸನಗರದ ಮನೆಯಲ್ಲಿ ಜಾಗವಿಲ್ಲ, ಬೆಳ್ಳಪ್ಪ ಹೇಳಲಿಲ್ಲ, ಆದರೆ ತಲೆ ತಗ್ಗಿಸಿದ. ಹತ್ತು ಬಾಗಿಲಲ್ಲಿ ಇದೊಂದೇ ತೆರೆದದ್ದು.

ಹೋಗುವಾಗ, "ಒಂದೆರಡು ಇಲಿಗಾಗಿ ಯಾಕಕ್ಕಾ ಇಷ್ಟೊಂದು ಹಟ?" ಎಂದ.

ಇಲಿಗಾಗಿ ಅಲ್ಲ ಕಣೋ ಎನ್ನಬೇಕೆಂದಿದ್ದೆ. ಹಟ ನನ್ನದು, ನಿನಗೇನು, ಹೋಗು ಎಂದೆ. ಅವನ ಅಂಗಿಯ ತೋಳು ಹರಿದಿತ್ತು. ಬಿಚ್ಚಿಸಿ ಹೊಲಿದುಕೊಟ್ಟೇ ಕಳಿಸಿದೆ.

27-9-65, ಸೋಮವಾರ.

ಮೂರು ದಿನ, ನೆಲದ ಮೇಲೆ ಒಂದೂ ಇಲ್ಲ. ಉಚ್ಚೆಯದೊಂದು ಕಾಟವಿತ್ತು, ಅಲ್ಲಲ್ಲಿ ಹನಿ ಬಿಡುತ್ತಿದ್ದವು. ಹೊಳೆಯ ನುಣುಪು ಕಲ್ಲೊಂದನ್ನು ತಟ್ಟೆಯ ನಡುವೆ ಇಟ್ಟೆ. ಯಾಕೋ ಕಲ್ಲು ಕಂಡರೆ ಅವಕ್ಕೆ ಅದರ ಮೇಲೇ ಹೋಗಬೇಕು. ದಿನಕ್ಕೊಮ್ಮೆ ಕಲ್ಲು ತೊಳೆದರೆ ಆಯಿತು, ಕಾಗದ ಪೂರ್ತಿ ಬದಲಿಸುವುದು ವಾರಕ್ಕೆರಡು ಸಲ, ಅದೂ ಒಂದು ಹಿಡಿ ಹಳೆಯದು ಬಿಟ್ಟು. ತಟ್ಟೆಗೆ ಹೋದ ಕೂಡಲೇ ಒಂದು ಹುರಿಗಡಲೆ. ಬೆಳ್ಳಿ ಈಗ ಹುರಿಗಡಲೆಗಾಗಿ ಸುಮ್ಮನೆ ಹೋಗಿ ಕುಳಿತು ಬರುತ್ತದೆ. ಏನೂ ಮಾಡಿರುವುದಿಲ್ಲ, ಕಳ್ಳಿ. ಕೊಡುತ್ತೇನೆ.

7-10-65, ಗುರುವಾರ.

ಹೋಯಿತು ಎಂದುಕೊಂಡಿದ್ದೆ.

ಹಬ್ಬಕ್ಕೆ ಮನೆ ಸಾರಿಸುತ್ತಾ ಕೆರಿಯಮ್ಮ ನನ್ನ ಕೋಣೆಗೆ ಬಂದರು. ನೆಲಕ್ಕೆ ಸಗಣಿ, ಗೋಡೆಗೆ ಕೆಮ್ಮಣ್ಣು, ಅದರ ಮೇಲೆ ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿ ಗೆರೆ. ಬಾಗಿಲ ಪಕ್ಕ ಗೆರೆ ಎಳೆಯುತ್ತಿದ್ದವರು ನಿಂತರು. ಅಕ್ಕಿ ಡಬ್ಬದ ಹಿಂದೆ ಎರಡು ಹಿಕ್ಕೆ.

ನಾನು ಬೇಡಿಕೊಳ್ಳಲಿಲ್ಲ. ಬೇಡಿಕೊಳ್ಳುವುದಿಲ್ಲ ಎಂದು ಹಲ್ಲು ಕಚ್ಚಿ ನಿಂತಿದ್ದೆ. ಕೆರಿಯಮ್ಮ ಒಂದನ್ನು ಎಲೆಯ ಮೇಲೆ ಎತ್ತಿಕೊಂಡು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ತಟ್ಟೆಯಿಂದ ಒಂದನ್ನು ತೆಗೆದು ಪಕ್ಕದಲ್ಲಿಟ್ಟರು. ಐವತ್ತು ವರ್ಷ ಭತ್ತ ಕಾದವರು.

"ಇದು ಸಣ್ಣದು, ಚೂಪು. ನಮ್ಮನೆ ಅಟ್ಟದ ಇಲೀದು" ಎಂದರು. ಎಲೆಯನ್ನು ಹೊರಗೆ ಎಸೆದು ಮತ್ತೆ ಗೆರೆ ಎಳೆಯಲು ಕೂತರು. ಮಧ್ಯೆ ತಿರುಗಿ ನೋಡದೆಯೇ, ನಿನ್ನವು ಅಂಥ ಕೆಲಸ ಮಾಡುವುದಿಲ್ಲ ಎಂದರು.

10-10-65, ಭಾನುವಾರ. ಭೂಮಿ ಹುಣ್ಣಿಮೆ.

ಎಲ್ಲವನ್ನೂ ಬರೆಯಬೇಕು, ಉದ್ದವಾದರೆ ಆಗಲಿ.

ನಸುಕಿನಲ್ಲಿ ಕೆರಿಯಮ್ಮ ಕರೆದರು. ಚಿತ್ತಾರ ಬರೆದ ಬುಟ್ಟಿ ಅವರ ತಲೆಯ ಮೇಲೆ, ಕಡುಬಿನ ಪಾತ್ರೆ ನನ್ನ ಸೊಂಟದಲ್ಲಿ. ಅವರು ಗೇಣಿಗೆ ಮಾಡುವ ಗದ್ದೆಗೆ ಹೋದೆವು. ಭತ್ತ ಹೊಡೆ ತುಂಬಿ ನಿಂತಿತ್ತು. ಭೂಮಿಗೆ ಸೀಮಂತದ ಊಟ, ಸೊಪ್ಪಿನ ಪಲ್ಯ, ಕಡುಬು, ಎಲ್ಲ ಎಡೆ ಇಟ್ಟು ಮಣ್ಣಿನಲ್ಲಿ ಹೂತರು. ಆಮೇಲೆ ಬದುವಿನ ಮೇಲೆ ಎರಡು ಬಾಳೆಲೆ ತುಂಡು ಹಾಕಿ ಬೇರೆ ಬಡಿಸಿದರು. ಒಂದು ಕಾಗೆಗೆ. ಇನ್ನೊಂದು ಯಾರಿಗೆ ಎಂದು ಕೇಳಿದೆ.

"ಇಲಿಗೆ. ನಮ್ಮತ್ತೆ ಇಡ್ತಿದ್ರು, ನಾನೂ ಇಡ್ತೀನಿ."

ಪ್ಲೇಗು, ಅಣ್ಣಂದಿರು, ಮೂಟೆ ಕಡಿಯುವ ಶನಿ, ಇಷ್ಟೆಲ್ಲ ಇದ್ದೂ ವರ್ಷಾ ವರ್ಷಾ ಎಡೆ ಇಡುತ್ತಿದ್ದರಂತೆ! ಮೂರು ತಿಂಗಳು ನನ್ನನ್ನು ಅಷ್ಟು ಹೆದರಿಸಿದ್ದು ಯಾಕೆ ಎಂದು ರೇಗಿದೆ. ಗದ್ದೆಯಲ್ಲಿ ಇದ್ದದ್ದು ಗದ್ದೆಯದು, ಮನೆಯೊಳಗೆ ಇರುವವರು ಮನೆಯ ಹಾಗಿರಬೇಕು ಎಂದು ಅವರೂ ರೇಗಿದರು. ಇಬ್ಬರೂ ಬೈದುಕೊಂಡೇ ಮನೆಗೆ ಬಂದೆವು.

ಮಧ್ಯಾಹ್ನದ ಬಸ್ಸಿಗೆ ಮೇಳಿಗೆಯಿಂದ ಅವರು ಬಂದರು, ಬೆಳ್ಳಪ್ಪನ ಜೊತೆ. ಜಗಲಿಯ ಮೇಲೆ ಕೂರಿಸಿ ಕೆರಿಯಮ್ಮ ಕಡುಬು ಬಡಿಸಿದರು, ಎಲೆಅಡಿಕೆ ತಟ್ಟೆ ಮುಂದಿಟ್ಟರು. ನನ್ನ ಕಡೆ ಅವರು ನೋಡಲಿಲ್ಲ. ಮಾತೆಲ್ಲ ಕೆರಿಯಮ್ಮನ ಜೊತೆ. ಇವಳಿಗೆ ಬುದ್ಧಿ ಸ್ಥಿಮಿತವಿಲ್ಲ, ಇಲಿಗಳ ಜೊತೆ ವಾಸ ಮಾಡುವವಳನ್ನು ಮರ್ಯಾದಸ್ಥರು ಮನೆಯಲ್ಲಿ ಇಟ್ಟುಕೊಳ್ಳಬಾರದು, ಕೊಳಕು ಎಂಥದ್ದೆಂದು ನಾನೇ ತೋರಿಸುತ್ತೇನೆ ಎಂದರು. ನೋಡಿ ಬನ್ನಿ ಎಂದು ಕೆರಿ‍ಯಮ್ಮ ಅಂದರು.

ಎಲ್ಲರೂ ಒಳಗೆ ಬಂದೆವು. ಬಾಯಿ ತುಂಬ ಎಲೆಅಡಿಕೆ ಇಟ್ಟುಕೊಂಡೇ ಅವರು ಬಗ್ಗಿ ಮಂಚದ ಕೆಳಗೆ ನೋಡಿದರು, ಡಬ್ಬಗಳ ಹಿಂದೆ ನೋಡಿದರು, ಮೂಗೆಳೆದು ನೋಡಿದರು. ಏನೂ ಸಿಗಲಿಲ್ಲ. ಆಗ ಕೊಪ್ಪೆ ಪೆಟ್ಟಿಗೆಯಿಂದ ಇಳಿದು, ಇಷ್ಟು ಜನರ ಮಧ್ಯೆ ಯಾರ ಹಂಗೂ ಇಲ್ಲದೆ ಮಿಷನ್ನಿನ ಹಿಂದಿನ ಮೂಲೆಗೆ ನಡೆದು, ತಟ್ಟೆ ಹತ್ತಿ, ಬಾಗಿಲ ಕಡೆ ಮುಖ ಮಾಡಿ ಕುಳಿತು, ಕೆಲಸ ಮುಗಿಸಿ, ಮೀಸೆ ಒರೆಸಿಕೊಂಡು ವಾಪಸು ಹೋಯಿತು.

ಅವರಿಗೆ ನಗು ಬಂತು. ಬಾಯಲ್ಲಿ ರಸ ತುಂಬಿತ್ತು. ತಿರುಗಿ, ಬಾಗಿಲ ಪಕ್ಕದ ಮೂಲೆಗೆ ಪಿಚಕ್ ಎಂದು ಉಗಿದರು. ಮೂರು ದಿನದ ಹಿಂದೆ ಸಾರಿಸಿದ ನೆಲದ ಮೇಲೆ, ಕೆರಿಯಮ್ಮ ಕೂತು ಎಳೆದ ಬಿಳಿ ಗೆರೆಯ ಮೇಲೆ. ಬೇಕೆಂದು ಮಾಡಿದ್ದಲ್ಲ. ಮೇಳಿಗೆಯ ಮನೆಯಲ್ಲೂ ಅವರು ಮೂಲೆಗೇ ಉಗಿಯುತ್ತಿದ್ದರು. ಅದನ್ನು ಒರೆಸುವ ಬಟ್ಟೆ ಬಾಗಿಲ ಹಿಂದೆ ಬೇರೆಯೇ ಇರುತ್ತಿತ್ತು.

ಕೆರಿಯಮ್ಮ ಕಲೆಯನ್ನು ನೋಡಿದರು. ಆಮೇಲೆ ಅವರ ಮುಖ ನೋಡಿದರು.

"ಇಲಿ ತಟ್ಟೆ ಎಲ್ಲದೆ ಅಂತ ನೋಡಿ ಹೋಗ್ತದೆ. ನೀನು ಎಂತ ನೋಡ್ದೆ?"

ಅವರು ಮೊದಲ ಸಲ ನನ್ನ ಕಡೆ ತಿರುಗಿ, ಬೆರಳು ತೋರಿಸಿ, "ಏ, ಒರ್ಸು" ಎಂದರು.

ಬಟ್ಟೆ ನನ್ನ ಕೈಯಲ್ಲಿ ಆಗಲೇ ಇತ್ತು. ಯಾವಾಗ ತೆಗೆದುಕೊಂಡೆನೋ, ಆರು ವರ್ಷದ ರೂಢಿ. ಅದನ್ನು ನೋಡಿ ನನಗೆ ಬಂದ ಸಿಟ್ಟು ಅವರ ಮೇಲೆ ಕೂಡ ಬಂದಿರಲಿಲ್ಲ. ಹತ್ತಿರ ಹೋಗಿ ಬಟ್ಟೆಯನ್ನು ಅವರ ಕೈಯಲ್ಲಿಟ್ಟೆ.

"ನಾಗರಾಜಪ್ಪ," ಎಂದೆ, "ಇವಕ್ಕೆ ಕಲಿಸಕ್ಕೆ ಮೂರು ತಿಂಗ್ಳು ಬೇಕಾಯ್ತು. ನಿಮಗೆ ಕಲಿಸಕ್ಕೆ ನಂಗೆ ಪುರುಸೊತ್ತಿಲ್ಲ."

ಬೆಳ್ಳಪ್ಪ ಗಾಬರಿಯಿಂದ ಅಕ್ಕಾ ಎಂದ. ಯಾಕೆ ಎಂದು ಆಗ ತಿಳಿಯಲಿಲ್ಲ, ಹೆಸರು ಹಿಡಿದು ಕರೆದದ್ದಕ್ಕಂತೆ, ಆಮೇಲೆ ಕೆರಿಯಮ್ಮ ಹೇಳಿದರು. ನಾಗರಾಜಪ್ಪ ಬಟ್ಟೆಯನ್ನು ಕೆಳಗೆ ಬಿಟ್ಟು ಕೆರಿಯಮ್ಮನ ಕಡೆ ತಿರುಗಿ, ಇಂಥವಳನ್ನು ಇಟ್ಟುಕೊಳ್ಳುತ್ತೀರಾ ಎಂದು ಕೇಳಿದರು. ಕೆರಿಯಮ್ಮ, ಮೂರು ಗಂಟೆಗೆ ತೀರ್ಥಹಳ್ಳಿ ಬಸ್ಸಿದೆ, ತಪ್ಪಿದರೆ ಆಮೇಲೆ ಕಷ್ಟ ಎಂದರು.

ನಾಗರಾಜಪ್ಪ ಹೋದಮೇಲೆ ಕಲೆ ಒರೆಸಿದ್ದು ಬೆಳ್ಳಪ್ಪ. ಬೇಡವೆಂದರೂ ಕೇಳಲಿಲ್ಲ. ಗಂಡುಹುಡುಗ, ಒರೆಸಿ ಗೊತ್ತಿಲ್ಲ, ಇನ್ನಷ್ಟು ಹರಡಿದ. ಕೆರಿಯಮ್ಮ ಅದರ ಮೇಲೆ ಕೆಮ್ಮಣ್ಣು ಬಳಿದು ಗೆರೆಯನ್ನು ಮತ್ತೆ ಎಳೆದರು. ಉಳಿದ ಕಡುಬಿನ ಚೂರನ್ನು ಬಾಳೆಲೆಯ ಮೇಲಿಟ್ಟು ಚಹದ ಪೆಟ್ಟಿಗೆಯ ಮುಂದೆ ಇಟ್ಟರು. ಇಟ್ಟವರು ಸ್ವಲ್ಪ ಹೊತ್ತು ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದರು. ಬೆಳ್ಳಿ ಬಂದು ಅವರ ಬೆರಳನ್ನು ಮೂಸಿತು. ಅವರು ಕೈ ಹಿಂದಕ್ಕೆ ತೆಗೆಯಲಿಲ್ಲ.

20-10-65, ಬುಧವಾರ.

ಬೆಳ್ಳಪ್ಪ ಬಂದಿದ್ದ, ಅವನ ಹೆಂಡತಿಯ ಬ್ಲೌಸಿನ ಬಟ್ಟೆ ತಂದಿದ್ದ. ಬಂದು ಎಷ್ಟು ದಿನವಾಯಿತಕ್ಕಾ ಎಂದು ಕೇಳಿದ. ಥಟ್ಟನೆ ಹೇಳಲು ಬರಲಿಲ್ಲ. ಇದರಲ್ಲಿ ಹಿಂದೆ ತಿರುವಿ ನೋಡಬೇಕು, ದೀಪಾವಳಿಯ ಬಟ್ಟೆ ರಾಶಿ ಬಿದ್ದಿದೆ, ಯಾರಿಗೆ ಪುರುಸೊತ್ತು.

ಮನೆಗೆ ಇನ್ನೊಂದು ಕಿಟಕಿ ಇಡಿಸಬೇಕು ಎಂದು ಕೆರಿಯಮ್ಮನಿಗೆ ಹೇಳಿದ್ದೇನೆ. ಹೊಲಿಯುವಾಗ ಎಡಗಡೆ ಬೆಳಕು ಸಾಲದು.

ಮೇಳಿಗೆಯಿಂದ ಇವತ್ತು ರಿಜಿಸ್ಟರ್ಡ್ ಕಾಗದ ಬಂತು. ವಕೀಲರ ಕಡೆಯಿಂದ, ಹದಿನೈದು ದಿನದೊಳಗೆ ಬಂದು ಸೇರತಕ್ಕದ್ದು ಎಂದು. ಒಮ್ಮೆ ಓದಿದೆ, ಅರ್ಥವಾಯಿತು. ಬರುವುದಿಲ್ಲ ಎಂದು ಒಂದು ಕಾರ್ಡಿನಲ್ಲಿ ಬರೆದು, ಕೆಳಗೆ ಬಂಗಾರಮ್ಮ, ಟೈಲರ್, ಸಾಗರ ಎಂದು ಸಹಿ ಹಾಕಿ ಬೆಳ್ಳಪ್ಪನ ಕೈಯಲ್ಲೇ ಟಪಾಲಿಗೆ ಕೊಟ್ಟೆ. ಡ್ರಾಯರಿನಿಂದ ಹಳೆಯ ಎರಡನ್ನೂ ತೆಗೆದು ಇದರ ಜೊತೆ ಹರಿದು ಇಲಿತಟ್ಟೆಯ ಕಾಗದ ನೆನೆಸುವ ಬಕೆಟ್ಟಿಗೆ ಹಾಕಿದೆ. ವಕೀಲರದು ಒಳ್ಳೆಯ ಕಾಗದ, ದಪ್ಪ. ನಾಳೆವರೆಗೂ ನೆನೆಯಬೇಕು.